ವಯಸ್ಸಿನ ತಲೆಗೆ ಕಟ್ಟಬೇಡಿ

ಒಬ್ಬರು ಮುಂಬಯಿಯ ಉಪನಗರದಲ್ಲಿ ಬಹುಕಾಲದಿಂದ ದವಾಖಾನೆ ನಡೆಸುತ್ತಿರುವ ಕುಟುಂಬ ವೈದ್ಯರು. ಇನ್ನೊಬ್ಬರು ಉಡುಪಿ ಕಡೆಯಿಂದ ಹುಡುಗನಾಗಿ ಬಂದು, ಹೋಟೆಲು ಕಟ್ಟಿ, ಈಗ ಅದನ್ನು ಮಗನಿಗೆ ಬಿಟ್ಟುಕೊಟ್ಟವರು. ಮಾತು ನಡೆದದ್ದು ಮಾಟುಂಗಾದ ಫೈವ್ ಗಾರ್ಡನ್ಸಿನಲ್ಲಿ, ಬೆಳಗಿನ ನಡಿಗೆಯ ಹೊತ್ತಿಗೆ.

— ಡಾಕ್ಟ್ರೇ, ಒಂದು ವಿಷಯ ಕೇಳಬೇಕು ಅಂತ ತುಂಬ ದಿನದಿಂದ ಉಂಟು. ದವಾಖಾನೆಗೆ ಬಂದರೆ ಪರದೆಯ ಆಚೆ ನಾಲ್ಕು ಜನ ಕೂತಿರುತ್ತಾರೆ. ಮನೆಗೆ ಕರೆದರೆ ಹೆಂಡತಿ ಚಹಾ ಹಿಡಿದುಕೊಂಡು ಬರುತ್ತಾಳೆ.

— ನಡೆಯುತ್ತಲೇ ಕೇಳಿ. ನಡೆಯುವಾಗ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಇಂಥ ಮಾತಿಗೆ ಅದು ಅನುಕೂಲ.

— ಎಂಥ ಮಾತು ಅಂತ ನಿಮಗೆ ಹೇಗೆ ಗೊತ್ತಾಯಿತು?

— ಅರವತ್ತು ದಾಟಿದ ಗಂಡಸು ಇಷ್ಟು ಪೀಠಿಕೆ ಹಾಕುವುದು ಒಂದೇ ವಿಷಯಕ್ಕೆ. ಎದೆನೋವಿಗೆ ಹಾಕುವುದಿಲ್ಲ, ಸಾಲಕ್ಕೂ ಹಾಕುವುದಿಲ್ಲ.

— ಹೌದು, ಅದೇ. ಮನಸ್ಸು ಉಂಟು, ದೇಹ ಮಾತು ಕೇಳುವುದಿಲ್ಲ. ಮೊದಲು ಅಪರೂಪಕ್ಕೆ ಹಾಗಾಗುತ್ತಿತ್ತು, ಈಗ ಪ್ರತಿ ಸಲ. ಊರಿನ ಸ್ನೇಹಿತರ ಹತ್ತಿರ ಬೇರೆ ಯಾರದೋ ಕಥೆ ಅಂತ ಹೇಳಿ ಕೇಳಿದೆ. 'ಮೊಮ್ಮಕ್ಕಳಾದ ಮೇಲೆ ಇನ್ನೆಂಥದು ಮಾರಾಯ, ಭಜನೆ ಮಾಡಲಿಕ್ಕೆ ಹೇಳು' ಅಂದರು. ಪ್ರಾಯ ಆಯಿತಲ್ಲ, ಹೀಗೇ ಇರಬಹುದು ಅಂತ ನಾನೂ ಸುಮ್ಮನಾದೆ.

— ಸಕ್ಕರೆ ಕಾಯಿಲೆ ಬಂದು ಎಷ್ಟು ಕಾಲವಾಯಿತು?

— ಹತ್ತು ವರ್ಷದ ಮೇಲಾಯಿತು. ಅದಕ್ಕೂ ಇದಕ್ಕೂ ಏನು ಸಂಬಂಧ?

— ಬಹಳ ಸಂಬಂಧ ಇದೆ. ಪಾಪ, ವಯಸ್ಸಿನ ತಲೆಗೆ ಕಟ್ಟುವುದು ಎಲ್ಲರಿಗೂ ಸುಲಭ. ಆದರೆ ವಯಸ್ಸು ಮಾಡುವುದು ಏನು, ಮಾಡದಿರುವುದು ಏನು ಎಂದು ಬೇರೆ ಮಾಡಿ ನೋಡಬೇಕು. ವಯಸ್ಸಾದಂತೆ ಎಲ್ಲವೂ ನಿಧಾನವಾಗುತ್ತದೆ. ಇಪ್ಪತ್ತೈದರಲ್ಲಿ ನೆನೆದರೆ ಸಾಕಿತ್ತು, ಅರವತ್ತೈದರಲ್ಲಿ ಸ್ಪರ್ಶ ಬೇಕು, ಸಮಯ ಬೇಕು. ಗಡಸು ಸ್ವಲ್ಪ ಕಡಿಮೆ, ವೀರ್ಯ ಕಡಿಮೆ. ಒಮ್ಮೆ ಆದ ಮೇಲೆ ಮತ್ತೆ ಸಿದ್ಧವಾಗಲು ಗಂಟೆಗಳಲ್ಲ, ಒಂದೆರಡು ದಿನ ಬೇಕಾಗಬಹುದು. ಇದಿಷ್ಟು ವಯಸ್ಸಿನ ಪಾಲು. ಪೂರ್ತಿ ನಿಂತುಹೋಗುವುದು ವಯಸ್ಸಿನ ಪಾಲಲ್ಲ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 40ರಿಂದ 70 ವರ್ಷದ ಗಂಡಸರನ್ನು ಕೇಳಿ, ಪರೀಕ್ಷಿಸಿ ಮಾಡಿದ ಒಂದು ದೊಡ್ಡ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಏನಾದರೊಂದು ಮಟ್ಟದ ತೊಂದರೆ ಇದ್ದವರು ನೂರಕ್ಕೆ 52.

— ಅಂದರೆ ಅರ್ಧಕ್ಕಿಂತ ಹೆಚ್ಚು!

— ಅದನ್ನು ಕೇಳಿ ನಿಮಗೆ ಸಮಾಧಾನವಾದರೆ ಆಗಲಿ. ನಾನು ಹೇಳಹೊರಟದ್ದು ಇನ್ನೊಂದು ಅಂಕಿ. ಪೂರ್ತಿಯಾಗಿ ಶಕ್ತಿ ಕಳೆದುಕೊಂಡವರು 40ರ ಹೊತ್ತಿಗೆ ನೂರಕ್ಕೆ 5, 70ರ ಹೊತ್ತಿಗೆ ನೂರಕ್ಕೆ 15. ಎಪ್ಪತ್ತರಲ್ಲೂ ನೂರಕ್ಕೆ 85 ಜನರಿಗೆ ಹಾಗಾಗಿಲ್ಲ. ಆದವರನ್ನು ನೋಡಿದರೆ ಹೃದಯದ ಕಾಯಿಲೆ, ರಕ್ತದೊತ್ತಡ, ಸಕ್ಕರೆ, ಅವಕ್ಕೆ ನುಂಗುವ ಕೆಲವು ಮಾತ್ರೆ, ಒಳಗೆ ನುಂಗಿಕೊಂಡ ಸಿಟ್ಟು, ಖಿನ್ನತೆ. ಹೃದ್ರೋಗ ಇದ್ದವರು ಸಿಗರೇಟೂ ಸೇದುತ್ತಿದ್ದರೆ ಇನ್ನೂ ಕೆಟ್ಟದ್ದು. ಬರೀ ವಯಸ್ಸೇ ಕಾರಣವಾಗಿದ್ದರೆ ಎಪ್ಪತ್ತಾದವರೆಲ್ಲರಿಗೂ ಆಗಬೇಕಿತ್ತಲ್ಲ?

— ಸಕ್ಕರೆ ಅಲ್ಲಿ ಹೋಗಿ ಏನು ಮಾಡುತ್ತದೆ?

— ಎರಡು ಕಡೆ ಕೆಡಿಸುತ್ತದೆ. ಆಸೆ ಹುಟ್ಟಿದಾಗ ನರದ ಮೂಲಕ ಸಂದೇಶ ಹೋಗಬೇಕು. ಸಂದೇಶ ಮುಟ್ಟಿದಾಗ ನರದ ತುದಿಯಿಂದಲೂ ರಕ್ತನಾಳದ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಒಂದು ಚೂರು ಹೊರಡುತ್ತದೆ. ಅದು ಸ್ನಾಯುವಿನ ಬಿಗಿ ಸಡಿಲಿಸುತ್ತದೆ, ರಕ್ತ ನುಗ್ಗಿ ತುಂಬುತ್ತದೆ, ತುಂಬಿದ ರಕ್ತದ ಒತ್ತಡಕ್ಕೆ ಹೊರಹೋಗುವ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತನಾಳಕ್ಕೆ ಈ ಅನಿಲ ಸಂದೇಶ ಒಯ್ಯುತ್ತದೆ ಎಂದು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಬಹುಕಾಲ ಹತೋಟಿ ತಪ್ಪಿದ ಸಕ್ಕರೆ ನರವನ್ನೂ ಮಂಕು ಮಾಡುತ್ತದೆ, ಆ ಒಳಪದರವನ್ನೂ ಕೆಡಿಸುತ್ತದೆ. ಹಾಗಾಗಿ ಸಕ್ಕರೆ ಇರುವವರಲ್ಲಿ ಈ ತೊಂದರೆ ಉಳಿದವರಿಗಿಂತ ಹತ್ತು ಹದಿನೈದು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಇನ್ನೊಂದು ಕೇಳುತ್ತೇನೆ, ನಾಚಿಕೊಳ್ಳಬೇಡಿ. ಬೆಳಗಿನ ಜಾವ ಎಚ್ಚರವಾದಾಗ ತಾನಾಗಿ ಗಡಸಾಗಿರುವುದು ಉಂಟೋ?

— ಇಲ್ಲ. ಅದೂ ನಿಂತಿದೆ.

— ಇದ್ದಿದ್ದರೆ ನಾಳ, ನರ ಸರಿಯಿದೆ, ತೊಡಕು ಮನಸ್ಸಿನಲ್ಲಿದೆ ಎಂದು ಮೊದಲ ಅಂದಾಜಿಗೆ ಬರಬಹುದಿತ್ತು. ನಿದ್ದೆಯಲ್ಲಿ ಯಾರಿಗೂ ಭಯ, ಸಂಕೋಚ ಇರುವುದಿಲ್ಲವಲ್ಲ. ನಿಮ್ಮದು ಹಾಗಲ್ಲ, ದೇಹವನ್ನೇ ನೋಡಬೇಕು. ಮೊದಲು ನೋಡಬೇಕಾದ್ದು ಹೃದಯ.

— ಹೃದಯವಾ? ನನಗೆ ಎದೆನೋವು ಎಂಬುದೇ ಇಲ್ಲ.

— ಇಲ್ಲದಿರುವಾಗಲೇ ನೋಡಬೇಕು. ನಿಮ್ಮ ಕಟ್ಟಡದಲ್ಲಿ ನೀರಿನ ಪೈಪಿಗೆ ತುಕ್ಕು ಹಿಡಿದರೆ ಮೊದಲು ಯಾರ ಮನೆಯ ನಲ್ಲಿ ಸಣ್ಣಗಾಗುತ್ತದೆ? ಕೊನೆಯ, ಸಪೂರ ಪೈಪಿನವರದು. ನೆಲಮಾಳಿಗೆಯ ದೊಡ್ಡ ಪೈಪಿನಲ್ಲೂ ತುಕ್ಕು ಇದ್ದೇ ಇರುತ್ತದೆ, ಅಲ್ಲಿಯವರಿಗೆ ಗೊತ್ತಾಗುವುದು ತಡ. ಶಿಶ್ನಕ್ಕೆ ರಕ್ತ ಒಯ್ಯುವ ನಾಳ ಒಂದೆರಡು ಮಿಲಿಮೀಟರ್ ಅಗಲ, ಹೃದಯದ ನಾಳ ಮೂರು ನಾಲ್ಕು. ಕೊಬ್ಬು ಕಟ್ಟುವುದು ಎರಡರಲ್ಲೂ ಒಟ್ಟಿಗೇ ಶುರುವಾಗುತ್ತದೆ, ಆದರೆ ಸಣ್ಣದು ಮೊದಲು ದೂರು ಹೇಳುತ್ತದೆ. ಅನೇಕರಲ್ಲಿ ಈ ತೊಂದರೆ ಶುರುವಾದ ಎರಡು, ಮೂರು, ಐದು ವರ್ಷಕ್ಕೆ ಎದೆನೋವು ಬರುತ್ತದೆ. ಆದ್ದರಿಂದಲೇ, ಬೇರೆ ಕಾರಣ ಕಾಣದಿದ್ದರೆ ಇಂಥ ರೋಗಿಯನ್ನು ಹೃದ್ರೋಗಿ ಎಂದೇ ಹಿಡಿದು ಪರೀಕ್ಷೆ ಮಾಡಿಸಿ ಎಂದು ಹೃದ್ರೋಗ ತಜ್ಞರು ಹೇಳುವುದು. ನಿಮ್ಮ ದೇಹ ನಿಮಗೆ ಎರಡು ಮೂರು ವರ್ಷದ ಮುನ್ಸೂಚನೆ ಕೊಡುತ್ತಿದೆ. ಪ್ರಾಯ ಆಯಿತು ಎಂದು ಅದರ ಬಾಯಿ ಮುಚ್ಚಿಸಿಬಿಟ್ಟರೆ? ಈ ಊರಿನಲ್ಲಿ ರೈಲ್ವೆ ಸೇತುವೆ ಹತ್ತುತ್ತ ಹತ್ತುತ್ತ ಕುಸಿದವರ ಸುದ್ದಿ ಕೇಳಿದಾಗೆಲ್ಲ ನನಗೆ ಅನ್ನಿಸುತ್ತದೆ: ಇವರಿಗೂ ಒಂದು ಸೂಚನೆ ಬಂದಿತ್ತೇನೋ, ಯಾರಿಗೂ ಹೇಳದೆ ಇದ್ದರೇನೋ ಎಂದು.

— ನೀವು ಹೀಗೆ ಹೇಳಿದರೆ ಹೆದರಿಕೆ ಆಗುತ್ತದೆ.

— ಸ್ವಲ್ಪ ಹೆದರಿ. ಆಮೇಲೆ ಪರೀಕ್ಷೆ ಮಾಡಿಸಿ. ಈಗ ನಿಮ್ಮ ಬದುಕಿನ ಕಥೆ ಹೇಳಿ. ಊಟ, ನಿದ್ದೆ, ಕುಡಿತ, ಎಲ್ಲ.

— ಹೇಳಲಿಕ್ಕೆ ಏನುಂಟು? ಹನ್ನೆರಡು ತುಂಬುವ ಮೊದಲು ಬಂದೆ. ಫೋರ್ಟಿನಲ್ಲಿ ನಮ್ಮವರದೇ ಹೋಟೆಲು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚುವುದು, ಕಪ್ಪು ಬಸಿ ತೊಳೆಯುವುದು, ಸಂಜೆ ರಾತ್ರಿಶಾಲೆ. ಶಾಲೆಯಿಂದ ಬಂದ ಮೇಲೆ ಮತ್ತೆ ಕೆಲಸ. ಟೇಬಲ್ ಜೋಡಿಸಿ ಮಲಗುವಾಗ ಹನ್ನೆರಡೂವರೆ. ಆಮೇಲೆ ಸ್ವಂತದ್ದು ಮಾಡಿದೆ. ಮೊದಲು ಇಡ್ಲಿ ದೋಸೆ, ಮತ್ತೆ ಅದರಲ್ಲಿ ಬರಕತ್ತು ಸಾಲದು ಅಂತ ಪರ್ಮಿಟ್ ರೂಮ್, ಅಂದರೆ ಬಾರು. ಅದಾದ ಮೇಲೆ ಮನೆ ಸೇರುವುದು ಬೆಳಗಿನ ಎರಡಕ್ಕೆ. ಹೋಟೆಲಿನವನು ಹೊತ್ತಿಗೆ ಸರಿಯಾಗಿ ಉಂಡದ್ದು ಎಲ್ಲಿ? ಗಿರಾಕಿಯೆಲ್ಲ ಹೋದ ಮೇಲೆ ಉಳಿದದ್ದು, ಎಣ್ಣೆಯಲ್ಲಿ ಮುಳುಗಿದ್ದು. ಗುರುತಿನವರು ಬಂದರೆ ಜತೆಗೆ ಕೂತು ಒಂದು ಕ್ವಾರ್ಟರ್. ಗುಟ್ಕಾ 2012ರಲ್ಲಿ ಸರಕಾರ ನಿಲ್ಲಿಸಿತು. ಅಂಗಡಿಯಲ್ಲಿ ನೇತಾಡುವುದು ನಿಂತಿತು, ತಿನ್ನುವುದು ನಿಲ್ಲಲಿಲ್ಲ. ಈಗ ಬಿಟ್ಟಿದ್ದೇನೆ.

— ಇದರಲ್ಲಿ ಒಂದೊಂದೂ ಲೆಕ್ಕಕ್ಕೆ ಬರುತ್ತದೆ. ತಂಬಾಕು ನಾಳವನ್ನು ಸಂಕುಚಿತ ಮಾಡುತ್ತದೆ, ಹೊಗೆಯಾಗಿ ಹೋದರೂ ಸರಿ, ದವಡೆಯಲ್ಲಿಟ್ಟರೂ ಸರಿ. ಕುಡಿತ ಸಂಕೋಚ ಕಳೆಯುತ್ತದೆ, ಅದಕ್ಕೇ ಜನ ಅದನ್ನು ಔಷಧ ಎಂದು ತಿಳಿದಿದ್ದಾರೆ. ವರ್ಷಗಟ್ಟಲೆ ಕುಡಿದರೆ ನರವೂ ಹೋಗುತ್ತದೆ, ವೃಷಣದ ಕೆಲಸವೂ ಕುಂದುತ್ತದೆ. ಆದರೆ ನಿಮ್ಮ ಕಥೆಯಲ್ಲಿ ನನಗೆ ಹೆಚ್ಚು ಕಾಡಿದ್ದು ನಿದ್ದೆ. ಗಂಡಸಿನ ಹಾರ್ಮೋನು ಟೆಸ್ಟೋಸ್ಟೆರಾನ್ ಹೆಚ್ಚಾಗಿ ತಯಾರಾಗುವುದು ನಿದ್ದೆಯಲ್ಲಿ. ಷಿಕಾಗೊದಲ್ಲಿ ಆರೋಗ್ಯವಂತ ಹುಡುಗರನ್ನು ಒಂದು ವಾರದಷ್ಟು ಕಾಲ ರಾತ್ರಿಗೆ ಐದೇ ಗಂಟೆ ಮಲಗಿಸಿ ನೋಡಿದರು. 2011ರಲ್ಲಿ ಪ್ರಕಟವಾದ ಅಧ್ಯಯನ. ಹಗಲಿನ ಟೆಸ್ಟೋಸ್ಟೆರಾನ್ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಇಳಿದಿತ್ತು. ಅದು ಒಂದು ವಾರದ ಮಾತು. ವಿರಾರ್, ಕಲ್ಯಾಣ, ಬದ್ಲಾಪುರದಿಂದ ಬೆಳಿಗ್ಗೆ ಐದರ ಲೋಕಲ್ ಹಿಡಿದು ರಾತ್ರಿ ಹತ್ತಕ್ಕೆ ಮನೆ ಮುಟ್ಟುವವರು ಮೂವತ್ತು ವರ್ಷ ಹಾಗೆ ಮಲಗಿದ್ದಾರೆ. ಬ್ಯಾಂಕಿನವರು, ಕಾರ್ಖಾನೆಯವರು, ನಿಮ್ಮಂಥವರು. ಈ ನಗರ ತನ್ನ ಜನರ ನಿದ್ದೆ ಕದ್ದೇ ದೊಡ್ಡದಾಗಿದೆ ಎಂದು ನನಗೆ ಅನ್ನಿಸುತ್ತದೆ. ನೀವು ಗೊರಕೆ ಹೊಡೆಯುತ್ತೀರಾ?

— ಹೆಂಡತಿ ಹೇಳುತ್ತಾಳೆ, ಮಧ್ಯೆ ಉಸಿರೇ ನಿಂತ ಹಾಗಾಗುತ್ತದೆ, ಅವಳಿಗೆ ಗಾಬರಿ ಅಂತ.

— ಅದನ್ನೂ ಬರೆದಿಟ್ಟುಕೊಳ್ಳಿ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಅದು. ರಾತ್ರಿಯಿಡೀ ರಕ್ತಕ್ಕೆ ಆಮ್ಲಜನಕ ಕಡಿಮೆಯಾಗುತ್ತದೆ, ಬಿಪಿ ಏರುತ್ತದೆ, ಈ ತೊಂದರೆಯೂ ಅದರ ಜತೆಗೇ ಬರುತ್ತದೆ. ಅದಕ್ಕೆ ಚಿಕಿತ್ಸೆ ಇದೆ.

— ಡಾಕ್ಟ್ರೇ, ದೇಹದ್ದು ಇದೆಲ್ಲ ಸರಿ. ಇನ್ನೊಂದು ಉಂಟು, ಅದನ್ನು ಹೇಳಬೇಕೋ ಬೇಡವೋ.

— ಹೇಳಿ.

— ಮದುವೆಯಾಗಿ ಮೂವತ್ತೈದು ವರ್ಷದ ಮೇಲಾಯಿತು. ಅದರಲ್ಲಿ ಒಟ್ಟಿಗೆ ಇದ್ದದ್ದು ಎಷ್ಟು? ಮದುವೆಯ ಮೇಲೆ ಅವಳು ಊರಿನಲ್ಲಿ, ಗದ್ದೆ, ನನ್ನ ತಾಯಿ, ಮಕ್ಕಳ ಶಾಲೆ. ನಾನು ಇಲ್ಲಿ, ಹೋಟೆಲಿನ ಮೇಲಿನ ಮಾಳಿಗೆಯಲ್ಲಿ ಹುಡುಗರ ಜತೆ. ವರ್ಷಕ್ಕೆ ಒಮ್ಮೆ ಮೇ ತಿಂಗಳಲ್ಲಿ ಹೋಗುವುದು, ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ವರ್ಷಕ್ಕೆ ಎರಡು ಸಲ ಆಯಿತು. ಆ ಹದಿನೈದು ದಿನದಲ್ಲಿ ಕೋಲ, ನೇಮ, ಮದುವೆ, ನೆಂಟರು. ಗಂಡ ಹೆಂಡತಿ ಕೂತು ಮಾತಾಡಲಿಕ್ಕೆ ಸಿಗುವುದು ಹೊರಡುವ ಹಿಂದಿನ ರಾತ್ರಿ. ಈಗ ಡೊಂಬಿವಲಿಯಲ್ಲಿ ಮನೆ ಮಾಡಿ ಅವಳನ್ನು ಕರೆದುಕೊಂಡು ಬಂದಿದ್ದೇನೆ. ಈಗ ಇಬ್ಬರೂ ಒಂದೇ ಮನೆಯಲ್ಲಿ, ಮತ್ತು ಈಗಲೇ ಹೀಗೆ.

— ನಿಮ್ಮೊಬ್ಬರ ಕಥೆಯಲ್ಲ ಇದು. ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಸಂಘಗಳು ಸಿಗುತ್ತವೆ, ಹೋಟೆಲುಗಳು ಸಿಗುತ್ತವೆ, ಯಕ್ಷಗಾನ ಸಿಗುತ್ತದೆ. ವರ್ಷಕ್ಕೆ ಹದಿನೈದು ದಿನದ ದಾಂಪತ್ಯ ಯಾರೂ ಬರೆಯದ ಅಧ್ಯಾಯ. ಅಲ್ಲಿ ಆಕೆ ಒಂಟಿ, ಇಲ್ಲಿ ನೀವು ಒಂಟಿ. ಗಂಡಸಿನ ಒಂಟಿತನಕ್ಕೆ ಈ ಊರು ಏನೇನೋ ದಾರಿ ತೋರಿಸುತ್ತಿತ್ತು, ಅದು ನಿಮಗೂ ಗೊತ್ತು.

— ಗೊತ್ತು. ನಮ್ಮ ಜತೆಯ ಹುಡುಗರಲ್ಲಿ ಕೆಲವರು ಕಾಯಿಲೆ ಹತ್ತಿಸಿಕೊಂಡು ಊರಿಗೆ ಹೋದರು. ಹಿಂದಿರುಗಲಿಲ್ಲ.

— ಈಗಲೂ ಹೇಳುತ್ತೇನೆ: ಸೋಂಕು ವಯಸ್ಸು ಕೇಳುವುದಿಲ್ಲ. ಅರವತ್ತು ದಾಟಿದವರಿಗೆ ಕಾಂಡೋಮ್ ಮಾತು ಯಾರೂ ಎತ್ತುವುದಿಲ್ಲ, ಮಕ್ಕಳಾಗುವ ಭಯವಿಲ್ಲವಲ್ಲ ಎಂದು. ಸಂಶಯವಿದ್ದರೆ ಸರಕಾರಿ ಆಸ್ಪತ್ರೆಯ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಗುಟ್ಟಾಗಿಡಬೇಕು ಎಂದು 2017ರ ಕಾನೂನೇ ಇದೆ. ನಿಮ್ಮ ಮನೆಯ ವಿಷಯಕ್ಕೆ ಬರೋಣ. ಡೊಂಬಿವಲಿಯ ಮನೆಯಲ್ಲಿ ನೀವಿಬ್ಬರು ಮಲಗುವುದು ಎಲ್ಲಿ?

— ಹಾಲಿನಲ್ಲಿ. ಬೆಡ್‌ರೂಮು ಮಗ ಸೊಸೆಗೆ. ಮೊಮ್ಮಗ ನಮ್ಮಿಬ್ಬರ ನಡುವೆ.

— ನೋಡಿ, ಇದಕ್ಕೆ ಯಾವ ಮಾತ್ರೆ ಕೊಡಲಿ? ನೂರು ವರ್ಷದ ಹಿಂದೆ ವರಳಿ, ನಾಯಗಾಂವ್‌ನಲ್ಲಿ ಕಟ್ಟಿದ ಬಿಡಿಡಿ ಚಾಳಿನ ಕೋಣೆ 160 ಚದರಡಿ. ಅದರಲ್ಲಿ ಹತ್ತು ಜನ. ಗಂಡ ಹೆಂಡತಿ ಪಿಸುಮಾತು ಆಡಬೇಕಾದರೂ ಎಲ್ಲರೂ ನಿದ್ದೆ ಹೋಗಲಿ ಎಂದು ಕಾಯಬೇಕು. ಹಾಗೆ ಅವಸರ ಕಲಿತ ದೇಹ ಅದು. ಅರವತ್ತರ ದೇಹ ಅವಸರ ಒಪ್ಪುವುದಿಲ್ಲ, ಅದಕ್ಕೆ ಬೇಕಾದ್ದು ನಿಧಾನ. ನಿಧಾನಕ್ಕೆ ಬೇಕಾದ್ದು ಮುಚ್ಚುವ ಬಾಗಿಲು. ಮುಂಬಯಿಯಲ್ಲಿ ಹಿರಿಯರ ದಾಂಪತ್ಯ ಕೆಡುವುದರಲ್ಲಿ ರಕ್ತನಾಳದ ಪಾಲು ಎಷ್ಟಿದೆಯೋ ಚದರಡಿಯ ಪಾಲೂ ಅಷ್ಟೇ ಇದೆ ಎಂದು ನಾನು ನಂಬಿದ್ದೇನೆ. ಮಕ್ಕಳಿಗೆ ಕೋಣೆ ಬಿಟ್ಟುಕೊಡುವುದು ಸರಿ. ಆದರೆ ಅಪ್ಪ ಅಮ್ಮನಿಗೂ ಒಂದು ಬಾಗಿಲು ಬೇಕೆಂದು ಯಾವ ಮಗನಿಗೂ ಹೊಳೆಯುವುದಿಲ್ಲ, ಯಾವ ಅಪ್ಪನೂ ಕೇಳುವುದಿಲ್ಲ.

— ಕೇಳಿದರೆ ನಗುತ್ತಾರೆ. 'ಅರವತ್ತಕ್ಕೆ ಅರಳು ಮರಳು' ಅನ್ನುತ್ತಾರೆ.

— ಆ ಗಾದೆಯಿಂದ ಎಷ್ಟು ಮಂದಿ ಹಿರಿಯರ ಬಾಯಿ ಕಟ್ಟಿದ್ದೇವೆ! ಹಸಿವು, ನಿದ್ದೆ ಇರುವವರೆಗೆ ಈ ಆಸೆಯೂ ಇರುತ್ತದೆ. ಇರುವುದರಲ್ಲಿ ತಪ್ಪಿಲ್ಲ. ಇಲ್ಲದಿದ್ದರೂ ತಪ್ಪಿಲ್ಲ, ಇಬ್ಬರಿಗೂ ಬೇಡವಾಗಿ ನೆಮ್ಮದಿಯಾಗಿದ್ದರೆ ಅವರಿಗೆ ಔಷಧ ಬೇಕಿಲ್ಲ.

— ಲೋಕಲಿನ ಡಬ್ಬಿಯಲ್ಲಿ ಪೋಸ್ಟರ್ ಅಂಟಿಸಿರುತ್ತಾರಲ್ಲ, ಗುಪ್ತರೋಗ, ಒಂದೇ ವಾರದಲ್ಲಿ ಗ್ಯಾರಂಟಿ. ಕಿಟಕಿ ಪಕ್ಕ ಕೂತರೆ ಕಣ್ಣಿನ ಮುಂದೆಯೇ ಇರುತ್ತದೆ. ನಂಬರು ಬರೆದುಕೊಳ್ಳೋಣ ಅಂತ ಎಷ್ಟೋ ಸಲ ಅನ್ನಿಸಿದೆ.

— ಬರೆದುಕೊಳ್ಳಬೇಡಿ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಔಷಧಕ್ಕೆ ಜಾಹೀರಾತು ಕೊಡುವುದು 1954ರಿಂದಲೇ ಕಾನೂನಿಗೆ ವಿರುದ್ಧ. ಎಪ್ಪತ್ತು ವರ್ಷದಿಂದ ಕಾನೂನೂ ಇದೆ, ಪೋಸ್ಟರೂ ಇದೆ. ಆ ಪುಡಿಗಳಲ್ಲಿ ಎಷ್ಟೋ ಸಲ ಅಲೋಪತಿಯ ಮಾತ್ರೆಯನ್ನೇ ಅರೆದು ಸೇರಿಸಿರುತ್ತಾರೆ. ತಿಂದವನಿಗೆ ತಾನು ಏನು ತಿಂದೆ ಎಂದು ಗೊತ್ತಿರುವುದಿಲ್ಲ. ಹೃದಯದ ಮಾತ್ರೆಯ ಜತೆ ಅದು ಸೇರಿದರೆ ಪ್ರಾಣಕ್ಕೆ ಬರುತ್ತದೆ. ಇನ್ನೊಂದು, ಅವರ ವ್ಯಾಪಾರ ನಿಂತಿರುವುದೇ ಭಯದ ಮೇಲೆ. ಚಿಕ್ಕಂದಿನಲ್ಲಿ ವೀರ್ಯ ಕಳೆದದ್ದಕ್ಕೆ ಈಗ ಶಿಕ್ಷೆ ಎನ್ನುತ್ತಾರೆ. ಈ ಭಯದಿಂದಲೇ ಕೃಶವಾಗುವವರ ಸ್ಥಿತಿಗೆ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ವೀರ್ಯ ಕೂಡಿಡುವ ಆಸ್ತಿಯಲ್ಲ. ದೇಹ ಅದನ್ನು ಮಾಡುತ್ತಲೇ ಇರುತ್ತದೆ. ಹದಿಹರೆಯದ ಅಭ್ಯಾಸಕ್ಕೂ ಅರವತ್ತರ ತೊಂದರೆಗೂ ಎಳ್ಳಷ್ಟೂ ಸಂಬಂಧವಿಲ್ಲ.

— ಇದನ್ನು ಯಾರೂ ಹೀಗೆ ಬಿಡಿಸಿ ಹೇಳಲಿಲ್ಲ, ಇಷ್ಟು ವರ್ಷದಲ್ಲಿ.

— ಹೇಳಿದವರಿದ್ದಾರೆ, ಅದೂ ಇದೇ ಊರಿನಲ್ಲಿ. ರಘುನಾಥ ಧೋಂಡೊ ಕರ್ವೆ ಎಂಬ ಗಣಿತದ ಪ್ರಾಧ್ಯಾಪಕರು. ಮಹರ್ಷಿ ಕರ್ವೆಯವರ ಮಗ. 1921ರಲ್ಲೇ ಮುಂಬಯಿಯಲ್ಲಿ ಸಂತಾನ ನಿಯಂತ್ರಣದ ದವಾಖಾನೆ ತೆರೆದರು. ಈ ವಿಚಾರಗಳಿಗಾಗಿ ವಿಲ್ಸನ್ ಕಾಲೇಜಿನ ಕೆಲಸ ಹೋಯಿತು. 1927ರಿಂದ 'ಸಮಾಜ ಸ್ವಾಸ್ಥ್ಯ' ಎಂಬ ಮರಾಠಿ ಮಾಸಿಕ ನಡೆಸಿದರು. 1953ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಓದುಗರ ಗುಟ್ಟಿನ ಪ್ರಶ್ನೆಗಳಿಗೆ ಅದರಲ್ಲಿ ನೇರವಾಗಿ ಉತ್ತರ ಕೊಡುತ್ತಿದ್ದರು. ಅದು ಅಶ್ಲೀಲ ಎಂದು 1934ರಲ್ಲಿ ಮೊಕದ್ದಮೆ ಬಂತು. ಅವರ ಪರ ವಾದಿಸಿದವರು ಯಾರು ಗೊತ್ತೇ? ಬ್ಯಾರಿಸ್ಟರ್ ಅಂಬೇಡ್ಕರ್.

— ಬಾಬಾಸಾಹೇಬರೇ?

— ಅವರೇ. ಮೊಕದ್ದಮೆ ಸೋತರು, ಕರ್ವೆಯವರಿಗೆ ದಂಡ ಬಿತ್ತು. ಆದರೆ ಜನ ತಮ್ಮ ದೇಹದ ವಿಷಯ ಕೇಳುವುದು ಅಶ್ಲೀಲವಲ್ಲ ಎಂದು ಆ ಕಾಲದಲ್ಲಿ ಈ ಊರಿನ ಕೋರ್ಟಿನಲ್ಲಿ ನಿಂತು ವಾದಿಸಿದರಲ್ಲ, ಅದನ್ನು ನೆನೆದರೆ ಈಗಲೂ ನನ್ನ ಮೈ ನವಿರೇಳುತ್ತದೆ. ಆಮೇಲೆ ಡಾ. ಮಹಿಂದರ್ ವತ್ಸ. ಮುಂಬಯಿಯ ಪತ್ರಿಕೆಯಲ್ಲಿ 2005ರಿಂದ ಪ್ರಶ್ನೋತ್ತರ ಬರೆದರು. ಶುರುಮಾಡುವಾಗಲೇ ಅವರಿಗೆ ಎಂಬತ್ತು ದಾಟಿತ್ತು! 2020ರ ಡಿಸೆಂಬರಿನಲ್ಲಿ ತೊಂಬತ್ತಾರರಲ್ಲಿ ತೀರಿಕೊಂಡರು. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪ್ರಕಾಶ್ ಕೊಠಾರಿ ಈ ವಿಷಯಕ್ಕೆಂದೇ ಒಂದು ವಿಭಾಗ ಕಟ್ಟಿದರು. ನಮ್ಮ ಕನ್ನಡದಲ್ಲಿ ಡಾ. ಅನುಪಮಾ ನಿರಂಜನ 'ದಾಂಪತ್ಯ ದೀಪಿಕೆ' ಬರೆದರು. ಹೊಸದಾಗಿ ಮದುವೆಯಾದವರ ಕೈಗೆ ಅಂಥ ಪುಸ್ತಕ ಕೊಡಬಹುದು. ಮೊಮ್ಮಕ್ಕಳಾದವರ ಕೈಗೆ ಯಾರೂ ಕೊಡುವುದಿಲ್ಲ, ಅಷ್ಟೇ ಕೊರತೆ.

— ಹಾಗಾದರೆ ಆ ನೀಲಿ ಮಾತ್ರೆ? ಮೆಡಿಕಲಿನಲ್ಲಿ ಚೀಟಿ ಇಲ್ಲದೆಯೇ ಕೊಡುತ್ತಾರೆ.

— ಕೊಡಬಾರದು, ಕೊಡುತ್ತಾರೆ. ಸಿಲ್ಡೆನಾಫಿಲ್ ಒಳ್ಳೆಯ ಔಷಧ. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಗ ಹೇಳಿದೆನಲ್ಲ, ನೈಟ್ರಿಕ್ ಆಕ್ಸೈಡ್ ಸ್ನಾಯುವನ್ನು ಸಡಿಲಿಸುತ್ತದೆ ಎಂದು. ಆ ಸಡಿಲಿಕೆ ಬೇಗ ಅಳಿಸಿಹೋಗದಂತೆ ಈ ಮಾತ್ರೆ ತಡೆಯುತ್ತದೆ. ಆಸೆಯನ್ನು ಹುಟ್ಟಿಸುವುದಿಲ್ಲ. ಸಂದೇಶವೇ ಹೊರಡದಿದ್ದರೆ ಅದಕ್ಕೆ ಮಾಡಲು ಕೆಲಸವಿಲ್ಲ. ನುಂಗಿ ಟಿವಿ ನೋಡುತ್ತ ಕೂತರೆ ಏನೂ ಆಗುವುದಿಲ್ಲ. ಸಕ್ಕರೆ ಬಹುಕಾಲ ಇದ್ದವರಲ್ಲಿ ಪರಿಣಾಮ ಕಡಿಮೆ, ಆದರೂ ಅನೇಕರಿಗೆ ಉಪಯೋಗವಾಗುತ್ತದೆ. ಅಪಾಯ ಇರುವುದು ಒಂದು ಕಡೆ, ಅದನ್ನು ಮಾತ್ರ ಮರೆಯಬೇಡಿ: ಎದೆನೋವಿಗೆ ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಮಾತ್ರೆ ಇದೆಯಲ್ಲ, ಅದರ ಜತೆ ಇದು ಸೇರಿದರೆ ರಕ್ತದೊತ್ತಡ ಪಾತಾಳಕ್ಕೆ ಹೋಗುತ್ತದೆ. ಸಿಲ್ಡೆನಾಫಿಲ್ ತಗೊಂಡ ಮೇಲೆ ಒಂದು ದಿನ, ಟಡಾಲಾಫಿಲ್ ತಗೊಂಡ ಮೇಲೆ ಎರಡು ದಿನ ನೈಟ್ರೇಟ್ ಮುಟ್ಟುವಂತಿಲ್ಲ. ನಮ್ಮವರು ಎದೆ ಹಿಡಿದುಕೊಂಡ ಕೂಡಲೇ ಪಕ್ಕದ ಮನೆಯವರ ಸಾರ್ಬಿಟ್ರೇಟ್ ತಂದು ಬಾಯಿಗೆ ಹಾಕುತ್ತಾರೆ. ಹಿಂದಿನ ರಾತ್ರಿ ಇವನು ಏನು ನುಂಗಿದ್ದಾನೆ ಎಂದು ಹೆಂಡತಿಗೂ ಗೊತ್ತಿರುವುದಿಲ್ಲ. ಗುಟ್ಟು ಕೊಲ್ಲುವುದು ಇಲ್ಲಿ.

— ಹಾರ್ಮೋನು ಇಂಜೆಕ್ಷನ್ ಅಂತಲೂ ಕೇಳಿದ್ದೇನೆ. ಜಿಮ್ಮಿನ ಹುಡುಗರು ಹೇಳುತ್ತಾರೆ.

— ಟೆಸ್ಟೋಸ್ಟೆರಾನ್ ನಲವತ್ತರ ಆಚೆ ವರ್ಷಕ್ಕೆ ನೂರಕ್ಕೆ ಒಂದರಷ್ಟು ಇಳಿಯುತ್ತದೆ. ಹಾಗೆಂದು ಎಲ್ಲರಿಗೂ ಚುಚ್ಚಿಸಬೇಕಿಲ್ಲ. ಬೆಳಿಗ್ಗೆ ಬೇಗ, ಎರಡು ಬೇರೆ ಬೇರೆ ದಿನ ರಕ್ತ ಪರೀಕ್ಷೆ ಮಾಡಿಸಿ, ನಿಜಕ್ಕೂ ಕಡಿಮೆ ಇದ್ದು ಲಕ್ಷಣವೂ ಇದ್ದರೆ ಮಾತ್ರ ಕೊಡುವುದು. ಕೊಡುವ ಮೊದಲು ಪ್ರಾಸ್ಟೇಟ್ ನೋಡಬೇಕು, ಕೊಟ್ಟ ಮೇಲೆ ರಕ್ತ ದಪ್ಪವಾಗುತ್ತದೆಯೇ ಎಂದು ನೋಡುತ್ತಿರಬೇಕು. ಹೊಟ್ಟೆಯ ಬೊಜ್ಜು ಇದ್ದಲ್ಲಿ ಈ ಹಾರ್ಮೋನು ಹೆಣ್ಣಿನ ಹಾರ್ಮೋನಾಗಿ ಮಾರ್ಪಡುತ್ತದೆ. ಅನೇಕರಿಗೆ ಬೊಜ್ಜು ಇಳಿದರೆ ಅದು ತಾನಾಗಿ ಏರುತ್ತದೆ. ಇಟಲಿಯಲ್ಲಿ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ದಪ್ಪ ಮೈಯ, ಇದೇ ತೊಂದರೆಯ 110 ಗಂಡಸರು. ಅರ್ಧ ಜನಕ್ಕೆ ಬರೀ ಮಾಹಿತಿ ಕೊಟ್ಟರು. ಇನ್ನರ್ಧ ಜನಕ್ಕೆ ಬೆನ್ನು ಬಿಡದೆ ಊಟ, ವ್ಯಾಯಾಮ ಕಲಿಸಿ ತೂಕ ಇಳಿಸಿದರು. ಎರಡು ವರ್ಷಕ್ಕೆ ಆ ಎರಡನೆಯ ಗುಂಪಿನಲ್ಲಿ ಮೂವರಲ್ಲಿ ಒಬ್ಬರಂತೆ ಮೊದಲಿನ ಸ್ಥಿತಿಗೆ ಬಂದರು, ಮಾತ್ರೆಯಿಲ್ಲದೆ. ಅವರೆಲ್ಲ 35ರಿಂದ 55ರ ಒಳಗಿನವರು, ಸಕ್ಕರೆ ಇಲ್ಲದವರು. ನಿಮಗೆ ಅಷ್ಟೇ ಸಿಗುತ್ತದೆ ಎಂದು ಭರವಸೆ ಕೊಡಲಾರೆ. ಆದರೆ ದಾರಿ ಅದೇ. ಈಗ ನಡೆಯುತ್ತಿದ್ದೀರಲ್ಲ, ಇದೂ ಆ ಔಷಧದ ಭಾಗವೇ. ಇನ್ನೂ ಸ್ವಲ್ಪ ಜೋರಾಗಿ ನಡೆಯಿರಿ.

— ನಡೆಯುತ್ತೇನೆ. ಹೃದಯ ತಡೆದುಕೊಳ್ಳುತ್ತದಾ ಅಂತ ಹೇಗೆ ತಿಳಿಯುವುದು? ಆ ಹೊತ್ತಿನಲ್ಲೇ ಏನಾದರೂ ಆದರೆ ಮಾನ ಹೋಗುತ್ತದಲ್ಲ.

— ದಾದರಿನಲ್ಲಿ ಸೇತುವೆಯ ಮೆಟ್ಟಿಲು ಹತ್ತುತ್ತೀರಲ್ಲ. ಎರಡು ಅಂತಸ್ತಿನಷ್ಟು ಮೆಟ್ಟಿಲನ್ನು ಚುರುಕಾಗಿ, ಎದೆನೋವಿಲ್ಲದೆ, ವಿಪರೀತ ಏದುಸಿರಿಲ್ಲದೆ ಹತ್ತಿದರೆ ಹೆಂಡತಿಯ ಜತೆಗಿನ ಸಂಗಕ್ಕೂ ಹೃದಯ ಸಾಕಾಗುತ್ತದೆ. ಆಗದಿದ್ದರೆ ಮೊದಲು ಹೃದಯದ ತಪಾಸಣೆ, ಆಮೇಲೆ ಉಳಿದದ್ದು.

— ಬಿಪಿ ಮಾತ್ರೆಯಿಂದಲೂ ಆಗುತ್ತದೆ ಅಂದಿರಿ. ನಾನು ಅದನ್ನು ನಿಲ್ಲಿಸಿ ನೋಡಲಾ?

— ಖಂಡಿತ ಬೇಡ. ಕೆಲವು ಬಿಪಿ ಮಾತ್ರೆಗಳು, ಮೂತ್ರ ಹೆಚ್ಚಿಸುವ ಜಾತಿಯವು, ಹೃದಯದ ಬಡಿತ ತಗ್ಗಿಸುವ ಹಳೆಯವು, ಖಿನ್ನತೆಯ ಕೆಲವು ಮಾತ್ರೆಗಳು ತೊಂದರೆ ಕೊಡುವುದುಂಟು. ಪ್ರಾಸ್ಟೇಟಿಗೆ ಕೊಡುವ ಟಾಮ್ಸುಲೋಸಿನ್ ತಗೊಂಡರೆ ವೀರ್ಯ ಹೊರಗೆ ಬರದೆ ಇರಬಹುದು. ಅಪಾಯವಿಲ್ಲ, ಮೊದಲೇ ಹೇಳದಿದ್ದರೆ ಗಂಡಸು ಗಾಬರಿ ಬೀಳುತ್ತಾನೆ. ಮಾತ್ರೆ ಬದಲಿಸಬಹುದು, ಬದಲಿಸುವುದು ವೈದ್ಯನ ಕೆಲಸ. ತಾನಾಗಿ ನಿಲ್ಲಿಸಿ ಪಾರ್ಶ್ವವಾಯು ಮಾಡಿಕೊಂಡವರನ್ನು ನೋಡಿದ್ದೇನೆ. ಈಗ ನಾನೊಂದು ಕೇಳುತ್ತೇನೆ. ಇಷ್ಟು ಹೊತ್ತಾಯಿತು, ಮನೆಯವರಿಗೆ ಏನು ಅನ್ನಿಸುತ್ತದೆ ಎಂದು ನೀವು ಒಂದು ಮಾತೂ ಹೇಳಲಿಲ್ಲ.

— ಅವಳಿಗೆ ಏನು ಅನ್ನಿಸುತ್ತದೆ ಅಂತ ನಾನು ಕೇಳಿಲ್ಲ. ಒಂದು ಸಲ ಸರಿಯಾಗಲಿಲ್ಲ. ಆಮೇಲೆ ನಾನು ಮುಖ ಆ ಕಡೆ ಮಾಡಿ ಮಲಗಿದೆ. ಅವಳೂ ಏನೂ ಕೇಳಲಿಲ್ಲ.

— ಮುಖ ತಿರುಗಿಸಿ ಮಲಗಿದ ಗಂಡನನ್ನು ನೋಡಿ ಹೆಂಡತಿ ಏನೆಂದುಕೊಳ್ಳುತ್ತಾಳೆ? ನಾನು ಮುದುಕಿಯಾದೆ, ಇವರಿಗೆ ನಾನು ಬೇಡ ಎಂದುಕೊಳ್ಳುತ್ತಾಳೆ. ಅಥವಾ ಮೂವತ್ತು ವರ್ಷ ಊರಿನಲ್ಲಿ ಒಬ್ಬಳೇ ಇದ್ದಾಗ ಹುಟ್ಟಿದ ಸಂಶಯ ಮತ್ತೆ ಏಳುತ್ತದೆ. ಇನ್ನೂ ಒಂದು ಸಾಧ್ಯತೆ ಇದೆ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಒಳಗೆ ಒಣಗುತ್ತದೆ, ಸಂಗ ನೋವಾಗುತ್ತದೆ. ಆ ನೋವನ್ನು ಆಕೆ ನುಂಗಿಕೊಂಡಿದ್ದರೆ, ನಿಮ್ಮ ಈ ಕಷ್ಟ ಆಕೆಗೆ ಬಿಡುಗಡೆಯಾಗಿಯೂ ಕಂಡಿರಬಹುದು. ಅದಕ್ಕೂ ಔಷಧ ಇದೆ, ಜಾರುವ ಜೆಲ್ ಇದೆ, ಹಚ್ಚುವ ಹಾರ್ಮೋನು ಕ್ರೀಮು ಇದೆ. ನೀವೊಬ್ಬರೇ ಮಾತ್ರೆ ನುಂಗಿ ಸಿದ್ಧವಾಗಿ ಹೋದರೆ, ಆಕೆಯ ಪಾಲಿಗೆ ಅದು ನೋವಿನ ರಾತ್ರಿ. ಆಕೆಗೆ ಬೇಕೋ ಬೇಡವೋ, ಬೇಕಾದರೆ ಯಾವ ರೀತಿ, ಇದನ್ನು ಮೂವತ್ತೈದು ವರ್ಷದಲ್ಲಿ ಒಮ್ಮೆಯಾದರೂ ಕೇಳಿದ್ದೀರಾ?

— ನಮ್ಮಲ್ಲಿ ಕೇಳುವ ಕ್ರಮ ಇಲ್ಲ, ಡಾಕ್ಟ್ರೇ.

— ಈಗ ಶುರುಮಾಡಿ. ಎಲ್ಲವೂ ಒಂದೇ ಅಂಗದ ಮೇಲೆ ನಿಂತಿಲ್ಲ ಎಂದು ವಯಸ್ಸಾದ ಮೇಲೆ ಕಲಿಯುವ ದಂಪತಿಗಳನ್ನು ನಾನು ನೋಡಿದ್ದೇನೆ. ಕೈ ಹಿಡಿದು ಮಲಗುವುದು, ಬೆನ್ನು ನೀವುವುದು, ಅವಸರವಿಲ್ಲದೆ ಮುಟ್ಟುವುದು. ಆಗಲೇಬೇಕೆಂಬ ಹಟ ಬಿಟ್ಟಾಗ ಎಷ್ಟೋ ಸಲ ಆಗುತ್ತದೆ, ಏಕೆಂದರೆ 'ಈ ಸಲವೂ ಆಗದಿದ್ದರೆ' ಎಂಬ ಭಯವೇ ಅಡ್ರಿನಲಿನ್ ಸುರಿಸಿ ನಾಳವನ್ನು ಬಿಗಿಮಾಡುತ್ತದೆ. ಹೆಂಡತಿ ತೀರಿಕೊಂಡು ಒಂಟಿಯಾದ ಗಂಡಸರು ಬಂದು, ಆಕೆಯ ಕೈಯಾದರೂ ಹಿಡಿದುಕೊಳ್ಳಬಹುದಿತ್ತು ಎಂದು ನನ್ನೆದುರು ಅತ್ತಿದ್ದಾರೆ. ನಿಮಗೆ ಆ ಕೈ ಇನ್ನೂ ಇದೆ.

— ಈಗ ನಾನು ಮಾಡಬೇಕಾದ್ದು?

— ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ. ಮೂರು ತಿಂಗಳ ಸರಾಸರಿ ಸಕ್ಕರೆ, ಕೊಬ್ಬು, ಮೂತ್ರಪಿಂಡ, ಥೈರಾಯ್ಡ್, ಬೆಳಗಿನ ಟೆಸ್ಟೋಸ್ಟೆರಾನ್. ಇಸಿಜಿ, ಆಮೇಲೆ ಟ್ರೆಡ್‌ಮಿಲ್ ಪರೀಕ್ಷೆ. ಗೊರಕೆಗೆ ನಿದ್ದೆಯ ಪರೀಕ್ಷೆ. ನುಂಗುವ ಎಲ್ಲ ಮಾತ್ರೆಯ ಚೀಟಿ, ಆಯುರ್ವೇದದ್ದೂ ಸೇರಿಸಿ ತನ್ನಿ. ಅದೆಲ್ಲ ಬಂದ ಮೇಲೆ ಔಷಧದ ಮಾತು.

— ಅವಳನ್ನೂ ಕರೆದುಕೊಂಡು ಬರಬಹುದಾ?

— ಕರೆದುಕೊಂಡೇ ಬನ್ನಿ. ಮಧ್ಯಾಹ್ನ ಮೂರಕ್ಕೆ ಬನ್ನಿ, ಆ ಹೊತ್ತಿಗೆ ಬೇರೆ ರೋಗಿಗಳಿರುವುದಿಲ್ಲ. ಆಕೆಯ ಜತೆ ಮೊದಲು ನನ್ನ ಹೆಂಡತಿ ಮಾತಾಡಲಿ. ಅವಳೂ ಡಾಕ್ಟರೇ, ತುಳುವೂ ಬರುತ್ತದೆ.

— ಯಾತಕ್ಕೆ ಅಂತ ಕೇಳಿದರೆ ಅವಳಿಗೆ ಏನು ಹೇಳಲಿ?

— ನನಗೆ ಹೇಳಿದ್ದನ್ನೇ ಹೇಳಿ. ಬಸ್ಸಿನ ವಿಷಯ, ಹದಿನೈದು ದಿನದ ವಿಷಯ, ಮುಖ ತಿರುಗಿಸಿ ಮಲಗಿದ ರಾತ್ರಿಯ ವಿಷಯ. ಮತ್ತೆ ಮಗನ ಹತ್ತಿರ ಕೋಣೆಯ ಮಾತು ಎತ್ತಿ. ನಾಚಿಕೆಯಾದರೆ ಸೊಂಟನೋವು, ಮಂಚ ಬೇಕೆಂದು ಡಾಕ್ಟರು ಹೇಳಿದ್ದಾರೆ ಎನ್ನಿ. ಚೀಟಿ ಬೇಕಾದರೆ ನಾನೇ ಬರೆದುಕೊಡುತ್ತೇನೆ.